ಮಗು ತಪ್ಪಿದ ಕ್ಷಣಕ್ಕೆ ಯಾವ ಪುಸ್ತಕ? ನಾಲ್ಕನ್ನು ತರಗತಿಯಲ್ಲಿ ಹಚ್ಚಿ ನೋಡಿದ ಹೋಲಿಕೆ

ಮಾಸ್ಟ್ರುಗಳಿಗೆಂದು ಬರೆದ ಪುಸ್ತಕಗಳಲ್ಲಿ ಹೆಚ್ಚಿನವು ಓದುವಾಗ ಕಣ್ಣು ತೇವ ಮಾಡುತ್ತವೆ, ಮರುದಿನ ಮೂರನೇ ಪೀರಿಯಡ್ಡಿಗೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಇಲ್ಲಿ ಅಳತೆಗೋಲು ಒಂದೇ. ಮಗು ತಪ್ಪು ಉತ್ತರ ಹೇಳಿ ತಲೆ ತಗ್ಗಿಸಿ ನಿಂತಿದೆ. ಆ ಹೊತ್ತಿಗೆ ಪುಸ್ತಕ ಟೀಚರ ಕೈಗೆ ಎಂತ ಕೊಡುತ್ತದೆ? ಹಚ್ಚಿ ನೋಡಿದ್ದು ನಮ್ಮ ಮಂಗಳೂರು–ಉಡುಪಿ ಕಡೆಯ ಕನ್ನಡ ಶಾಲೆಯ ಲೆಕ್ಕದಲ್ಲಿ: ತರಗತಿಗೆ 40 ಮಕ್ಕಳು, 40 ನಿಮಿಷದ ಪೀರಿಯಡ್, ಮನೆಯಲ್ಲಿ ತುಳು, ಕೊಂಕಣಿ ಇಲ್ಲವೇ ಬ್ಯಾರಿ.

ಎಲ್ಲರೂ ಮೊದಲು ಹೆಸರೆತ್ತುವುದು 'ತೊತ್ತೋಚಾನ್'. ತೆತ್ಸುಕೊ ಕುರೊಯಾನಾಗಿ ಜಪಾನಿಯಲ್ಲಿ 1981ರಲ್ಲಿ ಪ್ರಕಟಿಸಿದ ಈ ಬಾಲ್ಯದ ನೆನಪು ಕನ್ನಡದಲ್ಲೂ ಇದೆ. ರೈಲು ಡಬ್ಬಿಗಳೇ ತರಗತಿಯಾಗಿದ್ದ ತೊಮೊಯೆ ಶಾಲೆ, ಅದರ ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿ. ಓದಿದವರೆಲ್ಲ ರೈಲು ಡಬ್ಬಿಯನ್ನೇ ನೆನಪಿಟ್ಟುಕೊಳ್ಳುತ್ತಾರೆ, ಆದರೆ ಟೀಚರಿಗೆ ಬೇಕಾದ ಪುಟ ಬೇರೆಯೇ ಇದೆ. ಬೆಳವಣಿಗೆ ಕುಂಠಿತವಾದ ತಾಕಾಹಾಶಿ ಎಂಬ ಹುಡುಗನನ್ನು ಒಬ್ಬ ಶಿಕ್ಷಕಿ ಪಾಠದ ನಡುವೆ ತಮಾಷೆಗೆ, ನಿನಗೆ ಬಾಲ ಇದೆಯಾ ಎಂದು ಕೇಳಿಬಿಡುತ್ತಾರೆ. ಕೊಬಾಯಾಶಿ ಆಕೆಯನ್ನು ಗದರುವುದು ಅಡುಗೆಮನೆಯಲ್ಲಿ, ಬೇರೆ ಶಿಕ್ಷಕರಿರುವ ಸ್ಟಾಫ್ ರೂಮಿನಲ್ಲಲ್ಲ. ಮಗುವಿನ ಮಾನ ಉಳಿಸಲು ಹೊರಟವರು ಟೀಚರ ಮಾನವನ್ನೂ ಉಳಿಸುತ್ತಾರೆ. ಮುಖ್ಯೋಪಾಧ್ಯಾಯರ ತರಬೇತಿಗೆ ಈ ಒಂದು ಅಧ್ಯಾಯ ಸಾಕು.

ಉಳಿದದ್ದನ್ನು ಹಾಗೇ ಎತ್ತಿ ತರಲು ಹೋದರೆ ಎಡವುತ್ತದೆ. ತೊತ್ತೋಚಾನಳ, ಅಂದರೆ ಪುಟ್ಟ ಕುರೊಯಾನಾಗಿಯ, ತರಗತಿಯಲ್ಲಿ ಒಂಬತ್ತೇ ಮಕ್ಕಳಿದ್ದರು, ತಮಗೆ ಇಷ್ಟದ ವಿಷಯದಿಂದ ದಿನ ಶುರು ಮಾಡುವುದು ಅವರಿಗೆ ಹೊಂದುತ್ತಿತ್ತು. 40 ಮಕ್ಕಳಲ್ಲಿ ಅದನ್ನು ಮಾಡಿದರೆ ಹತ್ತನೇ ನಿಮಿಷಕ್ಕೆ ಬುದ್ಧಿವಂತರು ಲೆಕ್ಕ ಮುಗಿಸಿರುತ್ತಾರೆ, ಹಿಂದಿನ ಬೆಂಚು ಕಿಟಕಿಯ ಹೊರಗೆ ಇರುತ್ತದೆ. ಇನ್ನೂ ನಾಜೂಕಿನದು ಊಟದ ಆಟ. ಬುತ್ತಿಯಲ್ಲಿ 'ಕಡಲಿನದ್ದು ಸ್ವಲ್ಪ, ಗುಡ್ಡದ್ದು ಸ್ವಲ್ಪ' ಇರಬೇಕೆಂದು ಕೊಬಾಯಾಶಿ ಹೇಳುತ್ತಿದ್ದರು. ಕರಾವಳಿಗೆ ಹೇಳಿ ಮಾಡಿಸಿದ ಹಾಗೆ ಕೇಳುತ್ತದೆ, ಬೂತಾಯಿ ಮೀನೂ ಬಸಳೆ ಸೊಪ್ಪೂ ಇರುವ ಊರಲ್ಲವೇ. ಆದರೆ ಇಲ್ಲಿ ಟಿಫಿನ್ ಡಬ್ಬಿ ತೆರೆಸಿ ನೋಡಿದರೆ ಮೊದಲು ಕಾಣುವುದು ಯಾರು ಮೀನು ತಿನ್ನುವವರು, ಯಾರು ತಿನ್ನದವರು, ಯಾರ ಡಬ್ಬಿಯಲ್ಲಿ ಬರೀ ಗಂಜಿ ಎಂಬುದು. ತೊಮೊಯೆಯಲ್ಲಿ ಹಾಗಾಗದಿದ್ದಕ್ಕೆ ಕಾರಣ ಕೊಬಾಯಾಶಿಯವರ ಹೆಂಡತಿ ಎರಡು ಪಾತ್ರೆ ಹಿಡಿದು ಹಿಂದೆಯೇ ಬರುತ್ತಿದ್ದುದು. ಒಂದರಲ್ಲಿ ಕಡಲಿನದ್ದು, ಇನ್ನೊಂದರಲ್ಲಿ ಗುಡ್ಡದ್ದು, ಯಾರಿಗೆ ಯಾವುದು ಕಡಿಮೆಯೋ ಅದನ್ನು ಬಡಿಸಲು. ಆ ಎರಡು ಪಾತ್ರೆ ಇಲ್ಲದೆ ಈ ಆಟ ಬರೀ ತಪಾಸಣೆ.

ನ್ಯೂಜಿಲೆಂಡಿನ ಸಿಲ್ವಿಯಾ ಆಷ್ಟನ್-ವಾರ್ನರ್ ಅವರ 'ಟೀಚರ್' (1963) ಇದಕ್ಕೆ ತದ್ವಿರುದ್ಧ. ಬರವಣಿಗೆ ಅಲ್ಲಲ್ಲಿ ಚೆಲ್ಲಾಪಿಲ್ಲಿ, ಇಂಗ್ಲಿಷೂ ಸುಲಭವಲ್ಲ. ಆದರೆ ಒಂದನೇ ತರಗತಿಗೆ ಇದರಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ. ಮನೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಬದುಕು, ಶಾಲೆಯಲ್ಲಿ ಇಂಗ್ಲಿಷ್ ಪುಸ್ತಕ ಎಂಬ ಕಂದಕದಲ್ಲಿ ಬಿದ್ದ ಐದು ವರ್ಷದ ಮಕ್ಕಳಿಗೆ ಆಕೆ ಮಾಡಿದ್ದು ಇಷ್ಟು. ಮಗುವನ್ನು ಹತ್ತಿರ ಕರೆದು, ನಿನಗೆ ಯಾವ ಶಬ್ದ ಬೇಕು ಎಂದು ಕೇಳುವುದು. ಹೇಳಿದ್ದನ್ನು ದಪ್ಪ ರಟ್ಟಿನ ಮೇಲೆ ದೊಡ್ಡದಾಗಿ ಅದರ ಎದುರೇ ಬರೆದು ಕೈಗೆ ಕೊಡುವುದು. ಮರುದಿನ ಎಲ್ಲ ರಟ್ಟುಗಳನ್ನು ನೆಲಕ್ಕೆ ಸುರಿದರೆ ಮಗು ತನ್ನದನ್ನು ಹುಡುಕಿ ತರಬೇಕು. ಗುರುತು ಸಿಗದ ಶಬ್ದವನ್ನು ಎಸೆದುಬಿಡುವುದು. ಇಲ್ಲಿಯೇ ಅಡಗಿರುವುದು ಪುಸ್ತಕದ ಜೀವ. ನೆನಪಾಗದಿದ್ದರೆ ಫೇಲಾದದ್ದು ಆ ಶಬ್ದ, ಮಗುವಿನ ಒಳಗಿಂದ ಬಂದಿರಲಿಲ್ಲ ಎಂದಷ್ಟೇ ಅರ್ಥ. ಬೈಗುಳಕ್ಕೆ ಜಾಗವೇ ಇಲ್ಲ.

ತುಳುನಾಡಿನಲ್ಲಿ ಇದನ್ನು ಮಾಡುವವರು ಮೊದಲ ದಿನವೇ ಒಂದು ಹೊಂಡ ನೋಡಿಕೊಳ್ಳಬೇಕು. ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ಮಗು ತಾಯಿಯ ಚಿತ್ರ ತೋರಿಸಿ 'ಅಪ್ಪೆ' ಎಂದಾಗ ಘಟ್ಟದ ಮೇಲಿನಿಂದ ಬಂದ ಟೀಚರು, ಅಲ್ಲ ಮಗಾ, ಅದು ಅಮ್ಮ ಎಂದು ತಿದ್ದುತ್ತಾರೆ. ಮಗುವಿಗೆ ಕೇಳಿಸುವುದು, ಇವರು ನನ್ನ ತಾಯಿಯನ್ನು ತಂದೆ ಅನ್ನುತ್ತಿದ್ದಾರೆ ಎಂದು. ಅಲ್ಲಿಂದ ಮುಂದೆ ಮಗು ಬಾಯಿ ಬಿಡುವುದಿಲ್ಲ, ದಾಖಲೆಯಲ್ಲಿ 'ನಿಧಾನ ಕಲಿಕೆ' ಎಂದು ಬೀಳುತ್ತದೆ. ರಟ್ಟಿನ ಮೇಲೆ ಅಪ್ಪೆ ಎಂದೇ ಬರೆಯಿರಿ, ಹಾಲಿಗೆ ಪೇರ್ ಎಂದೇ ಬರೆಯಿರಿ. ಕನ್ನಡದ ಶಬ್ದ ಅದರ ಬೆನ್ನಿಗೆ, ಇನ್ನೊಂದು ವಾರ ಕಳೆದು.

ಲೆಕ್ಕವನ್ನೂ ಬದಲಿಸಬೇಕು. ಮಗುವಿಗೆ ಒಂದು ನಿಮಿಷವೆಂದರೂ 40 ಮಕ್ಕಳಿಗೆ ಪೂರ್ತಿ ಪೀರಿಯಡ್ ಹೋಯಿತು. ದಿನಕ್ಕೆ ಎಂಟು ಮಕ್ಕಳು, ವಾರದ ಐದು ದಿನಕ್ಕೆ 40, ಶನಿವಾರ ಹಳೆಯದರ ಗುರುತು: ಹೀಗೆ ಹಂಚಿದರೆ ದಿನಕ್ಕೆ 10 ನಿಮಿಷದಲ್ಲಿ ಮುಗಿಯುತ್ತದೆ. ರಟ್ಟಿಗೆ ದುಡ್ಡು ಬೇಡ, ಮದುವೆ ಕಾಗದದ ಬೆನ್ನು ಸಾಕು. ಸ್ಕೆಚ್ ಪೆನ್ನಿನಲ್ಲಿ ಮಾತ್ರ ಬರೆಯಬೇಡಿ. ಜೂನಿನ ತೇವಕ್ಕೆ ಬಣ್ಣ ಹರಡಿ ಎರಡು ವಾರದಲ್ಲಿ ಒತ್ತಕ್ಷರವೆಲ್ಲ ಕಲೆಯಾಗುತ್ತದೆ. ಮೇಣದ ಕ್ರೆಯಾನ್ ತಡೆಯುತ್ತದೆ. ಇನ್ನೊಂದು ಮಾತು: ಇದು ಅಕ್ಷರ ಕಲಿಸುವ ವಿಧಾನ ಅಲ್ಲ. ಮಗು 'ಅಪ್ಪೆ'ಯನ್ನು ಚಿತ್ರದ ಹಾಗೆ ಇಡಿಯಾಗಿ ಗುರುತಿಸುತ್ತದೆ, ಪಕಾರಕ್ಕೆ ಒತ್ತು, ಎತ್ವ ಎಂದು ಬಿಡಿಸುವುದಿಲ್ಲ. ನಲಿ-ಕಲಿಯ (ಸರ್ಕಾರಿ ಶಾಲೆಯ ಚಟುವಟಿಕೆಯ ಕಲಿಕೆ) ರ, ಗ, ಸ, ದ, ಅ ಎಂದು ಮೆಟ್ಟಿಲು ಮೆಟ್ಟಿಲಾಗಿ ಅಕ್ಷರ ಕಲಿಸುವ ಏಣಿ ಪಕ್ಕದಲ್ಲೇ ನಡೆಯುತ್ತಿರಬೇಕು. ರಟ್ಟನ್ನು ನಂಬಿ ಏಣಿ ಬಿಟ್ಟರೆ ಎರಡನೇ ತರಗತಿಯಲ್ಲಿ ಮಗು ಹೊಸ ಶಬ್ದದ ಎದುರು ನಿಂತುಬಿಡುತ್ತದೆ.

ಹೈಸ್ಕೂಲಿಗೆ ಬಂದರೆ ಕಥೆ ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ (2009) 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಅದು 14 ವರ್ಷದವರೆಗೆ. ಬೆತ್ತ ಕಪಾಟು ಸೇರಿತು, ನಾಲಿಗೆ ಹೊರಗೇ ಉಳಿಯಿತು. ನಿನ್ನ ಮಂಡೆಯಲ್ಲಿ ಎಂತ ಉಂಟು ಮಾರಾಯ ಎನ್ನುವುದು ಇಲ್ಲಿ ಬೈಗುಳವೆಂದೇ ಲೆಕ್ಕಕ್ಕಿಲ್ಲ. ಮನಶ್ಶಾಸ್ತ್ರಜ್ಞ ಹಾಯಿಮ್ ಗಿನಾಟ್ ಅವರ 'ಟೀಚರ್ ಅಂಡ್ ಚೈಲ್ಡ್' (1972) ಪೂರ್ತಿ ಕೆಲಸ ಮಾಡುವುದು ಈ ನಾಲಿಗೆಯ ಮೇಲೆ. ಸೂತ್ರ ಸಣ್ಣದು: ಆದದ್ದರ ಬಗ್ಗೆ ಮಾತಾಡು, ಮಗುವಿನ ಗುಣದ ಬಗ್ಗೆ ತೀರ್ಪು ಕೊಡಬೇಡ. ಏಕೆ ಎಂದು ಶುರುವಾಗುವ ಪ್ರಶ್ನೆ ಹೆಚ್ಚಾಗಿ ಪ್ರಶ್ನೆಯೇ ಅಲ್ಲ, ಚುಚ್ಚು. ಸಿಟ್ಟು ಬಂದರೆ ಹೇಳು, ಅವಮಾನ ಬೇಡ.

ಇಂಗ್ಲಿಷಿನಲ್ಲಿ ಇದು ತುಸು ನಾಟಕವಾಗಿ ಕೇಳುತ್ತದೆ. ಕನ್ನಡದಲ್ಲಿ ಹಾಗಲ್ಲ, ವ್ಯಾಕರಣವೇ ದಾರಿ ಮಾಡಿಕೊಡುತ್ತದೆ. ನಮ್ಮಲ್ಲಿ ಸಿಟ್ಟು 'ಬರುತ್ತದೆ': ನನಗೆ ಸಿಟ್ಟು ಬಂದಿದೆ, ಐದು ನಿಮಿಷ ಸುಮ್ಮನಿರುವ. ಯಾರ ಮೇಲೂ ಆರೋಪವಿಲ್ಲದ ವಾಕ್ಯ. ಕರ್ತೃವಿಲ್ಲದೆಯೂ ವಾಕ್ಯ ನಿಲ್ಲುತ್ತದೆ: ನೀರು ಚೆಲ್ಲಿದೆ, ಬಟ್ಟೆ ಬೇಕು. ಮನೆಪಾಠ ತಾರದವನಿಗೆ, 'ಪುಸ್ತಕ ಬರಲಿಲ್ಲ, ನಾಳೆ ಮೊದಲ ಪೀರಿಯಡ್ಡಿಗೆ ಬೇಕು' ಎಂದರೆ ಸಾಕು. ಎಡವುವುದು ಸ್ವರದಲ್ಲಿ. ಅದೇ ವಾಕ್ಯವನ್ನು ಹುಬ್ಬೇರಿಸಿ, ಎಳೆದು ಹೇಳಿದರೆ ಎಂಟನೇ ತರಗತಿಯವರಿಗೆ ವ್ಯಂಗ್ಯ ಅರೆಕ್ಷಣದಲ್ಲಿ ಗೊತ್ತಾಗುತ್ತದೆ.

ಹೊಗಳಿಕೆಯ ಅಧ್ಯಾಯ ಕರಾವಳಿಯ ಶಾಲೆಗಳಿಗೆ ಇನ್ನೂ ಕಹಿ. 'ನೀನು ಭಾರಿ ಹುಷಾರು' ಎನ್ನುವುದೂ ತೀರ್ಪೇ ಎನ್ನುತ್ತಾರೆ ಗಿನಾಟ್. ಹುಷಾರು ಎನಿಸಿಕೊಂಡ ಮಗು ಮುಂದಿನ ಕಷ್ಟದ ಲೆಕ್ಕಕ್ಕೆ ಕೈ ಹಾಕಲು ಹೆದರುತ್ತದೆ. 'ಮೂರನೇ ಹಂತದಲ್ಲಿ ಚಿಹ್ನೆ ಬದಲಿಸಿದ್ದು ಸರಿಯಾಗಿದೆ' ಎಂದು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆಯಬೇಕು. 40 ಪತ್ರಿಕೆಗೆ ಹೀಗೆ ಬರೆಯಲು ಹೆಚ್ಚುವರಿ ಒಂದು ಗಂಟೆ ಬೇಕು. ಆ ಗಂಟೆ ಎಲ್ಲಿಂದ ಬರಬೇಕೆಂದು ಪುಸ್ತಕ ಹೇಳುವುದಿಲ್ಲ.

ಗಿಜುಭಾಯಿ ಬಧೇಕಾ (1885–1939) ಗುಜರಾತಿಯಲ್ಲಿ ಬರೆದ 'ದಿವಾಸ್ವಪ್ನ' ನಾಲ್ಕರಲ್ಲಿ ತೆಳ್ಳಗಿನದು, ಒಂದು ಸಂಜೆಗೆ ಮುಗಿಯುತ್ತದೆ. ಶಿಕ್ಷಣಾಧಿಕಾರಿಯ ಒಪ್ಪಿಗೆ ಪಡೆದು ನಾಲ್ಕನೇ ತರಗತಿಯಲ್ಲಿ ಪ್ರಯೋಗ ಮಾಡುವ ಮಾಸ್ಟ್ರ ಕಥೆ. ಮೊದಲ ದಿನ ಅವರ ಮೌನದ ಆಟ ಮಣ್ಣು ಮುಕ್ಕುತ್ತದೆ, ಮಕ್ಕಳು ಗಲಾಟೆ ಎಬ್ಬಿಸುತ್ತಾರೆ. ಆಮೇಲೆ ಕೈ ಹಿಡಿಯುವುದು ಕಥೆ ಹೇಳುವುದು. ಪಕ್ಕದ ತರಗತಿಯವರ ದೂರು, ಪರೀಕ್ಷೆಯ ಭಯ ಎಲ್ಲವೂ ಇರುವ ಕಾರಣ ಇದು ನಮ್ಮ ಶಾಲೆಯ ಹಾಗೇ ಕಾಣುತ್ತದೆ. ಹಚ್ಚುವಾಗ ಒಂದು ಎಚ್ಚರಿಕೆ: ಕಥೆಯನ್ನು ಪೀರಿಯಡ್ಡಿನ ಕೊನೆಗೆ 'ಸುಮ್ಮನಿದ್ದರೆ ಮಾತ್ರ' ಎಂದು ಇಟ್ಟರೆ ಅದು ಲಂಚವಾಗುತ್ತದೆ. ಮೊದಲ 12 ನಿಮಿಷಕ್ಕೆ ಇಡಿ, ಎಲ್ಲರಿಗೂ, ನಿನ್ನೆ ಗಲಾಟೆ ಮಾಡಿದವನಿಗೂ.

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೊ ಫ್ರೇರೆಯನ್ನು ಈ ಸಾಲಿಗೆ ಸೇರಿಸಲಿಲ್ಲ. ಇಂಗ್ಲಿಷಿನಲ್ಲಿ 1970ರಲ್ಲಿ ಬಂದ 'ಪೆಡಗಾಜಿ ಆಫ್ ದಿ ಅಪ್ರೆಸ್ಡ್' ದೊಡ್ಡ ಪುಸ್ತಕವೇ. ಆದರೆ ಮಗುವನ್ನು ಠೇವಣಿ ಪೆಟ್ಟಿಗೆ ಮಾಡುವ ಶಿಕ್ಷಣದ ಕುರಿತ ಎರಡನೇ ಅಧ್ಯಾಯ ಓದಿ ಸದ್ಯಕ್ಕೆ ನಿಲ್ಲಿಸಬಹುದು. ಅದಕ್ಕಿಂತ ಇಟಲಿಯ ಬಾರ್ಬಿಯಾನಾ ಶಾಲೆಯ ಎಂಟು ಹುಡುಗರು ಸೇರಿ 1967ರಲ್ಲಿ ಟೀಚರೊಬ್ಬರಿಗೆ ಬರೆದ ಪತ್ರ-ಪುಸ್ತಕ ನಮ್ಮೂರಿಗೆ ಹತ್ತಿರ. ಶಾಲೆ ಯಾರನ್ನು ಹೊರಗೆ ಹಾಕುತ್ತದೆ ಎಂದು ಅವರು ಅಂಕಿ ಸಮೇತ ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು. ನೂರಕ್ಕೆ ನೂರರ ಬೋರ್ಡು ಗೇಟಿನಲ್ಲಿ ಕಟ್ಟುವ ಆಸೆಗೆ ಒಂಬತ್ತನೆಯಲ್ಲೇ ಜರಡಿ ಹಿಡಿಯುವುದು ಎಷ್ಟು ಸುಲಭ ಎಂದು ಇಲ್ಲಿನ ಸ್ಟಾಫ್ ರೂಮುಗಳಿಗೆ ಹೇಳಬೇಕಾಗಿಲ್ಲ. 1892ರಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದ ಕುದ್ಮುಲ್ ರಂಗರಾಯರ ಮಂಗಳೂರು ಇದು ಎಂಬುದನ್ನು ಆ ಬೋರ್ಡಿನ ಪಕ್ಕ ಇಟ್ಟು ನೋಡಬೇಕು.

ದುಡ್ಡು ಒಂದಕ್ಕೇ ಇದ್ದರೆ ಒಂದು–ಎರಡನೇ ತರಗತಿಯವರಿಗೆ ಆಷ್ಟನ್-ವಾರ್ನರ್, ಹೈಸ್ಕೂಲಿನವರಿಗೆ ಗಿನಾಟ್. ನಡುವಿನವರಿಗೆ ದಿವಾಸ್ವಪ್ನ. ತೊತ್ತೋಚಾನ್ ಪೋಷಕರ ಸಭೆಗೆ ಒಳ್ಳೆಯದು. ಯಾವುದನ್ನೂ ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ. ಮಳೆಗಾಲದ ಆಟಿ ತಿಂಗಳು ಕಳೆಯುವುದರೊಳಗೆ ಬೂಸ್ಟು ಹಿಡಿದು ಹಾಳೆ ಅಂಟಿಕೊಳ್ಳುತ್ತದೆ. ಹಾಜರಿ ಪುಸ್ತಕದ ಪಕ್ಕ ಮೇಜಿನ ಮೇಲೇ ಬಿದ್ದಿರಲಿ.