ಲೂಥರನ್ ಚರ್ಚಿನ ಔಟ್‌ರೀಚ್: ಪ್ಯಾಂಟ್ರಿಗೆ ಐದು ಸ್ಟಾರ್, ಮಿಕ್ಕಿದ್ದಕ್ಕೆ ಎರಡೂವರೆ

ಶಿಕಾಗೋ ಹತ್ರದ ಒಂದು ಲೂಥರನ್ (ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಚರ್ಚು, ಹೆಸರು ಬೇಡ ಬಿಡಿ, ಇಎಲ್‌ಸಿಎ (ಇವಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ) ಅನ್ನೋ ದೊಡ್ಡ ಸಂಘಕ್ಕೆ ಸೇರಿದ್ದು. ಅಲ್ಲಿ ಔಟ್‌ರೀಚ್ ಅಂತ, ಅಂದ್ರೆ ಹೊರಗಿನ ಜನಕ್ಕೆ ಅಂತ, ಪುಕ್ಕಟೆ ದಿನಸಿ ಕೊಡೋ ಫುಡ್ ಪ್ಯಾಂಟ್ರಿ ಇದೆ, ಜೊತೆಗೆ ರೇಸ್, ಅಂದ್ರೆ ಕಪ್ಪು-ಬಿಳಿ ಜನಾಂಗಭೇದದ ಬಗ್ಗೆ ಸಂಜೆ ಕ್ಲಾಸು ನಡೆಸ್ತಾರೆ. ನಾನು ಚರ್ಚಿನವನಲ್ಲ, ಬರೀ ವಾಲಂಟಿಯರು.

ಪ್ಯಾಂಟ್ರಿ ಬಗ್ಗೆ ಎರಡು ಮಾತಿಲ್ಲ. ಐಡಿ ಕೇಳಲ್ಲ, ಯಾರು ಎಲ್ಲಿಂದ ಬಂದ್ರಿ ಅಂತ ಕೆದಕಲ್ಲ, ಅಂಗಡಿ ತರ ಶೆಲ್ಫ್ ಇಟ್ಟಿದಾರೆ ಬೇಕಾದ್ದು ಆರಿಸ್ಕೋಬಹುದು, ಪ್ರಾರ್ಥನೆ ಮಾಡಿದ್ರೇನೇ ದಿನಸಿ ಅನ್ನೋ ಕಿರಿಕಿರಿನೂ ಇಲ್ಲ.

ಕ್ಲಾಸಲ್ಲೂ ಏನೂ ಮುಚ್ಚಿಡಲ್ಲ, ಅದು ನಂಗೆ ಹಿಡಿಸ್ತು. 1832ರಲ್ಲೇ ಜೆಹು ಜೋನ್ಸ್ ಅಂತ ಕಪ್ಪು ಪಾದ್ರಿ ಇದ್ರು, ಫಿಲಡೆಲ್ಫಿಯಾದಲ್ಲಿ ತಮ್ಮ ಜನಕ್ಕೆ ಚರ್ಚ್ ಕಟ್ಟಿದ್ರು, ಸಾಲ ತೀರಿಸಕ್ಕಾಗ್ದೆ ಕಟ್ಟಡ ಕೈ ತಪ್ಪಿತು. 1988ರಲ್ಲಿ ಇಎಲ್‌ಸಿಎ ಶುರುವಾದಾಗ ಹತ್ತು ವರ್ಷದಲ್ಲಿ ಸದಸ್ಯರಲ್ಲಿ ನೂರಕ್ಕೆ ಹತ್ತು ಜನ ಬಿಳಿಯರಲ್ಲದವರು ಇಲ್ಲಾ ಇಂಗ್ಲಿಷ್ ಮನೆಮಾತಲ್ಲದವರು ಇರ್ಬೇಕು ಅಂತ ಗುರಿ ಇಟ್ಕೊಂಡಿದ್ರು, ಪ್ಯೂ ಅನ್ನೋ ಅಮೆರಿಕದ ಸಂಶೋಧನಾ ಸಂಸ್ಥೆಯ 2014ರ ಸರ್ವೇಲಿ ನೋಡಿದ್ರೆ 96 ಪರ್ಸೆಂಟ್ ಬಿಳಿಯರೇ. 2015ರಲ್ಲಿ ಚಾರ್ಲ್ಸ್‌ಟನ್ ಊರಲ್ಲಿ ಕಪ್ಪು ಜನರ ಚರ್ಚಲ್ಲಿ ನಡೆದ ಹತ್ಯಾಕಾಂಡದಲ್ಲಿ ಗುಂಡು ಹಾರಿಸಿದ ಬಿಳಿಯನೂ ಇವರದೇ ಒಂದು ಚರ್ಚಿನವನು, ಸತ್ತ ಪಾದ್ರಿಗಳಲ್ಲಿ ಇಬ್ರು ಓದಿದ್ದು ಇವರದೇ ಸೆಮಿನರೀಲಿ (ಪಾದ್ರಿಗಳ ತರಬೇತಿ ಕಾಲೇಜು). 2019ರಲ್ಲಿ ಆಫ್ರಿಕನ್ ಮೂಲದವರ ಹತ್ರ ಅಧಿಕೃತವಾಗಿ ಕ್ಷಮೆ ಕೇಳಿದ್ರು. ಇಷ್ಟೂ ಅವರೇ ಬಾಯ್ಬಿಟ್ಟು ಹೇಳ್ತಾರೆ.

ಆದ್ರೆ ಇದನ್ನೆಲ್ಲ ಕೇಳೋಕೆ ಕೂತಿರೋರು ಯಾರು ಅಂದ್ರೆ ಮತ್ತೆ ಅದೇ ಬಿಳಿ ಹಿರಿಯರು. ವಾರದ ಮಧ್ಯೆ ಸಂಜೆ ಏಳಕ್ಕೆ ಇಟ್ಟಿದಾರೆ, ಪ್ಯಾಂಟ್ರಿ ಲೈನಲ್ಲಿ ನಿಲ್ಲೋ ಎಷ್ಟೋ ಜನ ಆಗ ಶಿಫ್ಟಲ್ಲಿರ್ತಾರೆ. ಇರೋ ಒಬ್ಬ ಬ್ರೌನ್ ಮನುಷ್ಯ ಅಂತ ಪ್ರತಿ ಪ್ರಶ್ನೆಗೂ ನನ್ ಕಡೆ ತಿರುಗ್ತಾರೆ ಬೇರೆ, ನಾನ್ ಬಂದಿರೋದು ಐಟಿ ಕೆಲಸಕ್ಕೆ ಮಾರಾಯ್ರೆ, ಶಿಕಾಗೋದ ಸೌತ್ ಸೈಡಲ್ಲಿ, ಅಂದ್ರೆ ಕಪ್ಪು ಜನ ಹೆಚ್ಚಿರೋ ಕಡೆ ಬೆಳೆದೋರ ಕಷ್ಟ ನಾನೇನ್ ಹೇಳ್ಲಿ!

ಪ್ಯಾಂಟ್ರಿಗೆ ಬರೋರು ಹೆಚ್ಚಿನವರು ಕಪ್ಪು, ಲ್ಯಾಟಿನೋ ಜನ. ಅವರಿಗೆ ಬಾಗಿಲು ಪಾರ್ಕಿಂಗ್ ಕಡೆಯಿಂದ, ಬೇಸ್‌ಮೆಂಟಿಗೆ. ಆ ಬಾಗಿಲಲ್ಲಿ ಸ್ಪ್ಯಾನಿಷಲ್ಲಿ ನೋಟಿಸ್ ಇದೆ, ದಿನಸಿ ಕೊಡೋ ಟೈಮ್ ಮಾತ್ರ. ಭಾನುವಾರದ ಪ್ರಾರ್ಥನೆ ಟೈಮು, ಎಲ್ಲರಿಗೂ ಸ್ವಾಗತ ಅನ್ನೋ ಬೋರ್ಡು ಎರಡೂ ಮುಂದಿನ ಬಾಗಿಲಲ್ಲಿ, ಅದೂ ಇಂಗ್ಲಿಷಲ್ಲಿ. ತುಂಬಾ ದಿನದಿಂದ ಬರ್ತಿರೋ ಒಬ್ರು ಅಜ್ಜಿ ಮೊಮ್ಮಗಳ ಬರ್ತ್‌ಡೇಗೆ ಮೇಲಿನ ಹಾಲ್ ಕೊಡ್ತಾರಾ ಅಂತ ಕೇಳಿದ್ರು, ಚರ್ಚ್ ನಡೆಸೋ ಕಮಿಟಿ, ಅದೇ ಕೌನ್ಸಿಲ್ಲಿಗೆ ಅರ್ಜಿ ಹಾಕ್ಬೇಕು ಅಂದ್ರು. ಕೌನ್ಸಿಲ್ಲಲ್ಲಿ ಆ ಲೈನಿಂದ ಬಂದೋರು ಒಬ್ರೂ ಇಲ್ಲ. ಔಟ್‌ರೀಚ್‌ಗೆ ಏನು ಬೇಕು ಅಂತ ಡಿಸೈಡ್ ಮಾಡೋದೂ ಅದೇ ಕೌನ್ಸಿಲ್ಲು, ಇದೇ ನನ್ ದೊಡ್ಡ ತಕರಾರು, ಕ್ಲಾಸ್ ಎಷ್ಟ್ ಚೆನ್ನಾಗಿದ್ರೇನು.

ಸಂಘದ ಮೇಲ್ಮಟ್ಟದಲ್ಲಿ ಏನೋ ಬದಲಾಗ್ತಿದೆ, 2025ರಲ್ಲಿ ಯೆಹಿಯೆಲ್ ಕರ್ರಿ ಪ್ರಿಸೈಡಿಂಗ್ ಬಿಷಪ್ (ಇಡೀ ಇಎಲ್‌ಸಿಎಗೆ ಮುಖ್ಯಸ್ಥರು) ಆಗಿ ಆರಿಸಿ ಬಂದ್ರು, ಆ ಜಾಗಕ್ಕೆ ಮೊದಲ ಕಪ್ಪು ವ್ಯಕ್ತಿ, ಅದಕ್ಕೂ ಮುಂಚೆ ಇಲ್ಲೇ ಶಿಕಾಗೋ ಬಿಷಪ್ ಆಗಿದ್ರು.

ದಿನಸಿ ಬೇಕಿದ್ರೆ ಸಂಕೋಚ ಬಿಟ್ಟು ಹೋಗಿ. ಕ್ಲಾಸಿಗೆ ಹೋಗೋದಾದ್ರೆ ಶನಿವಾರಕ್ಕೆ ಬದಲಾಯಿಸಿ ಅಂತ ನೀವೂ ಒಂದ್ಸಲ ಹೇಳಿ, ನಾನ್ ಹೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.