ಚಿಕಿತ್ಸೆ ಫಲ ಕೊಡುತ್ತಿದೆಯಾ? ಪ್ರಶ್ನಾವಳಿ ಸಾಕಾ, ಐ ಟ್ರ್ಯಾಕರ್ ಬೇಕಾ?

ಆಟಿಸಂ ಇರುವ ಮಗು ಜನರತ್ತ ಎಷ್ಟು ಗಮನ ಕೊಡುತ್ತಿದೆ ಅಂತ ತಿಳಿಯಬೇಕು, ಅಲ್ವಾ? ಅಪ್ಪ ಅಮ್ಮ ತುಂಬುವ ಪ್ರಶ್ನಾವಳಿ ಮನೆಯ ದಿನನಿತ್ಯವನ್ನೇ ಹಿಡಿಯುತ್ತದೆ. ಆದರೆ ನಮ್ಮ ಆಸೆಯೂ ಅದರೊಳಗೆ ಸೇರಿಬಿಡುತ್ತದೆ. 2021ರಲ್ಲಿ ಪ್ರಕಟವಾದ ಅಮೆರಿಕದ ಆಕ್ಸಿಟೋಸಿನ್ (ಒಂದು ಹಾರ್ಮೋನ್) ಪ್ರಯೋಗದಲ್ಲಿ, ಮಕ್ಕಳು ಜನರಿಂದ ಎಷ್ಟು ದೂರ ಸರಿಯುತ್ತಾರೆ ಅಂತ ಪೋಷಕರೇ ಅಂಕ ಹಾಕಿದರು. 24 ವಾರ ಮೂಗಿಗೆ ಔಷಧಿ ಸ್ಪ್ರೇ ಹಾಕಿಸಿಕೊಂಡ ಮಕ್ಕಳ ಅಂಕ ಸರಾಸರಿ 3.7 ಇಳಿಯಿತು, ಔಷಧಿಯೇ ಇಲ್ಲದ ಸ್ಪ್ರೇ ಪಡೆದವರದ್ದೂ 3.5 ಇಳಿಯಿತು!

ಐ ಟ್ರ್ಯಾಕರ್‌ಗೆ ಆಸೆ ಇಲ್ಲ. ಪರದೆಯಲ್ಲಿ ಒಂದು ಕಡೆ ನಗುವ ಮುಖ, ಇನ್ನೊಂದು ಕಡೆ ತಿರುಗುವ ಚಕ್ರ. ಕಣ್ಣು ಎಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಕ್ಯಾಮೆರಾ ಲೆಕ್ಕ ಇಡುತ್ತದೆ. ಆದರೆ ಅಜ್ಜಿ ಕರೆದಾಗ ಮಗು ತಿರುಗುತ್ತದಾ? ಅದು ಅಲ್ಲಿ ಸಿಗಲ್ಲ.

ನಾನಾದರೆ ಪ್ರಶ್ನಾವಳಿಯನ್ನೇ ಆರಿಸುತ್ತೇನೆ. ಜೊತೆಗೆ ಆಟದ ಹತ್ತು ನಿಮಿಷದ ವಿಡಿಯೋ ತೆಗೆದು, ಅದು ಚಿಕಿತ್ಸೆಗೆ ಮೊದಲಿನದ್ದೋ ನಂತರದ್ದೋ ಗೊತ್ತಿಲ್ಲದವರಿಂದ ಅಂಕ ಹಾಕಿಸುತ್ತೇನೆ.