ಬ್ಯಾಕ್‌ಲ್ಯಾಶ್ ಅಳೆಯೋಕೆ ಮಿಟುಟೊಯೊ 0.002 ಲಿವರ್ ಡಯಲ್: ಬಳಸಿ ನೋಡಿದ ಮೇಲೆ

ಪೀಣ್ಯದಲ್ಲಿ ನಮ್ಮದು ಸಣ್ಣ ಜಾಬ್‌ವರ್ಕ್ ಶೆಡ್. ಹಳೇ ವಿಎಂಸಿಯಲ್ಲಿ (ಕಂಪ್ಯೂಟರ್ ಓಡಿಸುವ ಮಿಲ್ಲಿಂಗ್ ಮೆಷಿನ್) ಎಂಡ್‌ಮಿಲ್ ಸುತ್ತಿಸಿ ಬೋರ್ ಮಾಡಿದರೆ ಒಳಗೆ ನಾಲ್ಕು ಕಡೆ ಗೆರೆ ಬೀಳುತ್ತಿತ್ತು, ಸರಿಯಾಗಿ ಎಕ್ಸ್ ಇಲ್ಲವೇ ವೈ ದಿಕ್ಕು ತಿರುಗಿಸುವ ಜಾಗದಲ್ಲೇ. ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ತಿರುಗಿಸಿದಾಗ ಟೇಬಲ್ ಹೊರಡುವ ಮುಂಚೆ ಸುಮ್ಮನೆ ಕಳೆದುಹೋಗುವ ಸಂದಿ, ಇದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಎಷ್ಟಿದೆ ಅಂತ ತಿಳಿಯೋಕೆ ಈ ಲಿವರ್ ಡಯಲ್ (ಸಣ್ಣ ಕಡ್ಡಿಯ ತುದಿ ಅಲ್ಲಾಡಿದ್ದನ್ನು ಮುಳ್ಳಿನಲ್ಲಿ ತೋರಿಸುವ ಗೇಜ್) ತಗೊಂಡೆ. ಮಾಡೆಲ್ 513-405. ಒಂದು ಗೆರೆಗೆ 0.002 ಮಿ.ಮೀ., ಒಟ್ಟು ರೇಂಜ್ 0.2 ಮಿ.ಮೀ.

ಎಲ್ಲರ ಹತ್ತಿರ ಇರುವ 0.01 ಪ್ಲಂಜರ್ ಡಯಲ್ ಸಾಲದಾ ಅಂತ ಕೇಳಬಹುದು. ಅದರಲ್ಲಿ 12 ಮೈಕ್ರಾನ್ (0.012 ಮಿ.ಮೀ.) ಯಾವುದು, 18 ಯಾವುದು ಅನ್ನೋದು ಅಂದಾಜಿನ ಲೆಕ್ಕ. ಇದರಲ್ಲಿ ಮೂರು ಗೆರೆ ವ್ಯತ್ಯಾಸ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ನಾನು ಅಳೆಯುವುದು ಹೀಗೆ. ಸ್ಟ್ಯಾಂಡ್ ಸ್ಪಿಂಡಲ್ ಹೆಡ್ ಮೇಲೆ, ಟಿಪ್ ವೈಸ್‌ನ ಗಟ್ಟಿ ದವಡೆಗೆ. ಟಿಪ್‌ನ ಕಡ್ಡಿ ಆ ಮುಖಕ್ಕೆ ಆದಷ್ಟು ಸಮಾನಾಂತರವಾಗಿರಬೇಕು, ಓರೆಯಾದರೆ ರೀಡಿಂಗ್ ತಪ್ಪುತ್ತದೆ. ಟೇಬಲ್ ಅನ್ನು ಪ್ಲಸ್ ಕಡೆಗೇ ಓಡಿಸಿಕೊಂಡು ಬಂದು ಮುಳ್ಳನ್ನು ಸೊನ್ನೆಗೆ ಇಡುತ್ತೇನೆ. ಮತ್ತೆ ಪ್ಲಸ್ 0.05 ಹೋಗಿ, ಮೈನಸ್ 0.05 ವಾಪಸ್. ಸ್ಕ್ರೀನ್ ಪ್ರಕಾರ ಹಳೇ ಜಾಗಕ್ಕೇ ಬಂದಿದ್ದೇವೆ. ಆದರೆ ಮುಳ್ಳು ಸೊನ್ನೆ ಮುಟ್ಟುವುದಿಲ್ಲ. ಉಳಿದದ್ದೇ ಬ್ಯಾಕ್‌ಲ್ಯಾಶ್. ನಮಗೆ ಎಕ್ಸ್‌ನಲ್ಲಿ ನಡುವೆ 18 ಮೈಕ್ರಾನ್, ಎರಡೂ ತುದಿಯಲ್ಲಿ 14ರ ಹತ್ತಿರ ಬಂತು. ಜಾಬ್ ಎಲ್ಲ ನಡುವೆಯೇ ಕಟ್ಟುತ್ತೇವೆ ಅಲ್ವಾ, ಟೇಬಲ್ ಓಡಿಸುವ ಬಾಲ್ ಸ್ಕ್ರೂ ಅಲ್ಲೇ ಜಾಸ್ತಿ ಸವೆಯುತ್ತದೆ.

ತುಂಬಾ ಜನ ಇಷ್ಟಕ್ಕೇ ಫ್ಯಾನಕ್ ಕಂಟ್ರೋಲ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸುವ ಪ್ಯಾರಾಮೀಟರ್ 1851ಕ್ಕೆ 18 ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಟ್ರೋಲ್ ಮಾಡುವುದು ಇಷ್ಟೇ: ದಿಕ್ಕು ತಿರುಗಿದಾಗ ಮೋಟರನ್ನು ಅಷ್ಟು ಜಾಸ್ತಿ ತಿರುಗಿಸುತ್ತದೆ. ಟೇಬಲ್‌ನ ಪ್ಲೇ ಹಾಗೇ ಇರುತ್ತದೆ. ಕ್ಲೈಂಬ್ ಕಟ್‌ನಲ್ಲಿ ಟೂಲ್ ಜಾಬನ್ನು ಎಳೆದಾಗ ಟೇಬಲ್ ಆ ಸಂದಿಯಲ್ಲಿ ಜಗ್ಗುತ್ತದೆ. ಯಾವ ನಂಬರೂ ಅದನ್ನು ತಡೆಯುವುದಿಲ್ಲ.

ಈ ಡಯಲ್‌ನ ನಿಜವಾದ ಉಪಯೋಗ ನನಗೆ ಗೊತ್ತಾಗಿದ್ದು ಇಲ್ಲೇ. ಸರ್ವೋ ಆನ್ ಇಟ್ಟು, ಸ್ಪಿಂಡಲ್ ನಿಲ್ಲಿಸಿ, ಟೇಬಲ್ ಅನ್ನು ಮರದ ರೀಪರ್‌ನಿಂದ ಮೀಟಿದೆವು. ಮುಳ್ಳು ಹೋಗಿ ಅಲ್ಲೇ ನಿಂತಿತು. ಆಚೆಯಿಂದ ಮೀಟಿದರೆ ಈಚೆಗೆ ಬಂದು ನಿಂತಿತು. ಸುಮ್ನೆ ಬಾಗಿದ್ದರೆ ಬಿಟ್ಟ ತಕ್ಷಣ ವಾಪಸ್ ಬರಬೇಕಿತ್ತು. ಮೆಷಿನ್ ಆಫ್ ಮಾಡಿ ಕವರ್ ಬಿಚ್ಚಿದರೆ ಸ್ಕ್ರೂ ತುದಿಯ ಬೇರಿಂಗ್‌ನ ಲಾಕ್‌ನಟ್ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿದ ಮೇಲೆ ನಡುವೆ ಉಳಿದದ್ದು 7 ಮೈಕ್ರಾನ್.

ಆಮೇಲೆ 1851ಕ್ಕೆ ಕೈ ಹಾಕಿದೆವು. ಅದರಲ್ಲಿ ಮೊದಲೇ 4 ಇತ್ತು. ಹಳೇ ನಂಬರ್ ಅಳಿಸದೆ ಅಳೆದಿದ್ದರಿಂದ 4 ಮತ್ತು 7 ಕೂಡಿಸಿ 11 ಹಾಕಿದೆವು. ನಮ್ಮ ಮೆಷಿನ್‌ನಲ್ಲಿ ಒಂದು ಯೂನಿಟ್ ಅಂದರೆ ಒಂದು ಮೈಕ್ರಾನ್, ನಿಮ್ಮದರಲ್ಲಿ ಎಷ್ಟು ಅಂತ ನೋಡಿಕೊಂಡು ಹಾಕಿ. ಟೇಬಲ್ ಅನ್ನು ರೆಫರೆನ್ಸ್‌ಗೆ (ಮೆಷಿನ್‌ನ ಮೂಲ ಜಾಗಕ್ಕೆ) ಕಳಿಸಿ ಮತ್ತೆ ಅಳೆದಾಗ ಮುಳ್ಳು ಒಂದು ಗೆರೆಯೊಳಗೆ ನಿಂತಿತು. ಬೋರ್‌ನ ಗೆರೆ ಉಗುರಿಗೆ ಸಿಗುತ್ತಿಲ್ಲ.

ಡಯಲ್‌ನ ಮಿತಿಯನ್ನೂ ಹೇಳಬೇಕು. ರೇಂಜ್ 0.2 ಮಾತ್ರ, ಹ್ಯಾಂಡ್‌ವೀಲ್ ತಪ್ಪಿ ನೂರರ ಸ್ಟೆಪ್‌ನಲ್ಲಿದ್ದರೆ (ಕ್ಲಿಕ್‌ಗೆ 0.1 ಮಿ.ಮೀ.) ಎರಡು ಕ್ಲಿಕ್‌ಗೆ ಮುಗಿಯಿತು. ಇದನ್ನು ಹಚ್ಚಿದಾಗ ನಮ್ಮ ಹುಡುಗರಿಗೆ ಎಂಡಿಐನಲ್ಲಿ (ಕಮಾಂಡ್ ಕೈಯಾರೆ ಬರೆದು ಕೊಡುವ ಮೋಡ್) ಟೈಪ್ ಮಾಡಿಯೇ ಓಡಿಸಿ ಅಂತ ಹೇಳಿದ್ದೇನೆ. ಸಾದಾ ಸ್ಕ್ರೂ ಇರುವ ಹಳೇ ಕೈ ಮಿಲ್ಲಿಂಗ್ ಮೆಷಿನ್‌ಗೆ ಇದು ಬೇಡ, ಅಲ್ಲಿ 0.01 ಡಯಲ್ಲೇ ಸರಿ. ಸ್ಟ್ಯಾಂಡ್ ಕೂಡ ಗಟ್ಟಿಯದೇ ಬೇಕು. ತೆಳ್ಳನೆ ತೋಳಿನ ಸ್ಟ್ಯಾಂಡ್‌ಗೆ ಹಾಕಿದರೆ ನೀವು ಅಳೆಯುವುದು ಸ್ಟ್ಯಾಂಡ್ ಬಾಗುವುದನ್ನೇ. ಬೆಲೆ ಸಾದಾ ಡಯಲ್‌ಗಿಂತ ಜಾಸ್ತಿ, ಆದರೂ ವಿಎಂಸಿ ಇಟ್ಟವರು ತಗೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ. ಬಿಲ್ ಕೊಡುವ ಡೀಲರ್ ಹತ್ತಿರವೇ ಹೋಗಿ, ಸರ್ಟಿಫಿಕೇಟ್‌ನ ಸೀರಿಯಲ್ ನಂಬರ್ ಡಯಲ್‌ನ ನಂಬರ್‌ಗೆ ತಾಳೆಯಾಗುತ್ತಾ ಅಂತ ಅಂಗಡಿಯಲ್ಲೇ ನೋಡಿ ತನ್ನಿ.